ಅಪ್ಪಯ್ಯನ ಡೀಸೆಲ್ ಪುಸ್ತಕ

(ನಮ್ಮ ಕನ್ನಡ ಸಮಯದಲ್ಲಿ ಪ್ರಸಾರವಾದ ಭಾಷಣದ ಬರಹರೂಪ)

ಇವತ್ತಿನ ಮಾತು ಕಾರಿನ ಮೈಲೇಜ್ ಕುರಿತು. ಕನ್ನಡ ಬಿ.ಎ. ಓದಿ ಮೈಕಿನ ಮುಂದೆ ಕುಳಿತವರಿಗೆ ಎಂಜಿನ್ನಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಮನೆಯಲ್ಲೂ ಕೇಳಿದರು. ಆದರೆ ಕೆಲವು ತಿಂಗಳಿಂದ ನಮ್ಮಲ್ಲಿ ರಾತ್ರಿ ಊಟದ ಹೊತ್ತಿಗೆ ಇದೊಂದೇ ಚರ್ಚೆ: ಹಳೆಯ ಡೀಸೆಲ್ ಕಾರನ್ನು ಇಟ್ಟುಕೊಳ್ಳುವುದೋ, ಕೊಟ್ಟುಬಿಡುವುದೋ?

ಕಾರು 2012ರದ್ದು. ಹೆಸರು ಹೇಳಿದರೆ ಜಾಹೀರಾತಾಗುತ್ತದೆ, ಬೇಡ. ಒಂದು ಕಾಲಕ್ಕೆ ಮೂರು ನಾಲ್ಕು ಕಂಪನಿಗಳ ಕಾರುಗಳ ಬಾನೆಟ್ ಎತ್ತಿದರೆ ಒಂದೇ 1.3 ಲೀಟರಿನ ಡೀಸೆಲ್ ಎಂಜಿನ್ ಕಾಣಿಸುತ್ತಿತ್ತಲ್ಲ, ಅದೇ ಜಾತಿಯದ್ದು. ಕೋಟೆ ಭಾಗದ ಒಂದು ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕುಳಿತ ಅಪ್ಪಯ್ಯ, ನಿವೃತ್ತಿಯ ಹೊತ್ತಿಗೆ ಕೈಗೆ ಬಂದ ಹಣದಲ್ಲಿ ಅದನ್ನು ತೆಗೆದುಕೊಂಡರು. ಕಾರಿನಲ್ಲಿ ಕುಂದಾಪುರಕ್ಕೆ ಹೋಗಬೇಕು ಎಂಬುದು ಅವರ ಒಂದೇ ಆಸೆಯಾಗಿತ್ತು. ಆಗ ಪೆಟ್ರೋಲಿಗೂ ಡೀಸೆಲಿಗೂ ಲೀಟರಿಗೆ ಇಪ್ಪತ್ತಕ್ಕೂ ಹೆಚ್ಚು ರೂಪಾಯಿ ಅಂತರ. ಡೀಸೆಲ್ ಕಾರು ಬಿಟ್ಟು ಬೇರೆ ತೆಗೆದುಕೊಂಡವನು ಲೆಕ್ಕ ಬಾರದವನು ಎಂದು ಊರೆಲ್ಲ ಹೇಳುತ್ತಿದ್ದ ಕಾಲ. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರಕಾರದ ನಿಯಂತ್ರಣ ತಪ್ಪಿದ ಮೇಲೆ ಆ ಲೆಕ್ಕ ಮೊದಲಿನಂತೆ ಉಳಿಯಲಿಲ್ಲ, ಆ ಮಾತು ಬೇರೆ.

ಗಲ್ಲಾದ ಅಭ್ಯಾಸ ಬಿಡಲಿಲ್ಲ. ಮೊದಲ ದಿನದಿಂದಲೇ ಒಂದು ಉದ್ದ ಪುಸ್ತಕ. ತಾರೀಕು, ಕಿಲೋಮೀಟರ್, ಲೀಟರ್, ರೂಪಾಯಿ ಎಂದು ನಾಲ್ಕು ಮನೆ, ಎಲ್ಲ ಕನ್ನಡ ಅಂಕಿಗಳಲ್ಲಿ. 2014ರ ಮೇ ತಿಂಗಳ ಒಂದು ಸಾಲಿಗೆ ಕೆಂಪು ಶಾಯಿಯ ಗೆರೆ ಎಳೆದಿದ್ದಾರೆ: 862 ಕಿ.ಮೀ., 40.1 ಲೀಟರ್. ಎಂದರೆ ಲೀಟರಿಗೆ ಇಪ್ಪತ್ತೊಂದೂವರೆ. ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ ಅರಬೈಲು ಘಾಟಿ ಇಳಿದು ಅಂಕೋಲೆಯ ಮೇಲೆ ಕುಂದಾಪುರ, ಒಂದೇ ಟ್ಯಾಂಕಿನಲ್ಲಿ. ಆ ಸಾಲನ್ನು ಅವರು ಎಷ್ಟು ಜನರಿಗೆ ತೋರಿಸಿದ್ದಾರೋ ಲೆಕ್ಕವಿಲ್ಲ. ಕೊಂಕಣದ ದಾರಿಯಲ್ಲಿ, ಕಾಶೇಡಿ, ಪರಶುರಾಮ ಘಾಟಿಗಳನ್ನು ಹತ್ತಿಳಿದು ಹೋದಾಗ ಹದಿನೆಂಟು ಚಿಲ್ಲರೆ. ಅದಕ್ಕೆ ಕೆಂಪು ಗೆರೆ ಇಲ್ಲ.

ಈಗ ಕಾರು ಓಡಿಸುವುದು ನಾನು. ಪುಸ್ತಕ ತುಂಬುವುದು ಅವರೇ. ಹೋದ ವರ್ಷ ಒಂದು ಸಂಜೆ ಕನ್ನಡಕ ತೆಗೆದು ಹೇಳಿದರು, "ಹದಿಮೂರ್ ಬಂತ್ ಕಾಣ್. ಎಂಜಿನ್ ಹೋಯ್ತ್." ಭಾವನಂತೂ ಮಾರುವ ಮಾತನ್ನೇ ಎತ್ತಿದರು. ಗ್ಯಾರೇಜಿನವರೊಬ್ಬರು ನಾಲ್ಕೂ ಇಂಜೆಕ್ಟರ್ ಬಿಚ್ಚಿ ರಿಪೇರಿ ಮಾಡಬೇಕೆಂದು ದೊಡ್ಡ ಮೊತ್ತ ಹೇಳಿದರು. ಇಪ್ಪತ್ತೊಂದೂವರೆ ಎಲ್ಲಿ, ಹದಿಮೂರು ಎಲ್ಲಿ? ಯಾರಿಗಾದರೂ ಹಾಗೇ ಅನಿಸುತ್ತದೆ.

ನನಗೊಂದು ಅನುಮಾನ ಇತ್ತು. ನಮ್ಮ ಮನೆ ಮುಲುಂಡಿನಲ್ಲಿ. ವಾರಕ್ಕೆ ಎರಡು ದಿನ ನನಗೆ ಬೆಳಗಿನ ಪಾಳಿ, ಆ ದಿನ ಮಾತ್ರ ಕಾರು. ನಾಲ್ಕೂವರೆಗೆ ಹೊರಟರೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ, ಚೆಂಬೂರಿನಿಂದ ಫ್ರೀವೇ, ಮೂವತ್ತು ಕಿ.ಮೀ. ದಾರಿ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಪಾಳಿ, ರೆಕಾರ್ಡಿಂಗ್ ಎಲ್ಲ ಮುಗಿಸಿ ಸಂಜೆ ಐದೂವರೆಗೆ ಹೊರಟರೆ ಅದೇ ಮೂವತ್ತು ಕಿ.ಮೀ.ಗೆ ಒಂದು ಗಂಟೆ ಐವತ್ತು ನಿಮಿಷ. ಅದೇ ಕಾರು, ಅದೇ ರಸ್ತೆ, ಅದೇ ಚಾಲಕ. ಬೇರೆಯಾದದ್ದು ಹೊತ್ತು ಮಾತ್ರ. ಕಾಲೇಜಿನ ವಿಜ್ಞಾನ ವಿಭಾಗದವರಿಗೂ ಇದಕ್ಕಿಂತ ಶುದ್ಧವಾದ ಪ್ರಯೋಗ ಸಿಗಲಿಕ್ಕಿಲ್ಲ!

ಡ್ಯಾಶ್‌ಬೋರ್ಡಿನಲ್ಲಿ ಮೈಲೇಜ್ ತೋರಿಸುವ ಪುಟ್ಟ ಪರದೆ ಇದೆ. ಒಂದು ತಿಂಗಳು ಅದನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸೊನ್ನೆ ಮಾಡಿ ನೋಡಿದೆ. ಬೆಳಿಗ್ಗೆ ಇಪ್ಪತ್ತರ ಆಸುಪಾಸು. ಸಂಜೆ ಹನ್ನೆರಡರ ಆಸುಪಾಸು.

ಇಲ್ಲಿ ಸರಾಸರಿ ತೆಗೆಯುವಾಗ ನಾನೇ ತಪ್ಪಿದೆ. ಇಪ್ಪತ್ತು, ಹನ್ನೆರಡು ಕೂಡಿಸಿ ಎರಡರಿಂದ ಭಾಗಿಸಿ ಹದಿನಾರು ಎಂದೆ. ಅಪ್ಪಯ್ಯ ಪೆನ್ನು ತೆಗೆದು ಗಲ್ಲಾದ ಲೆಕ್ಕ ಮಾಡಿದರು. ಬೆಳಿಗ್ಗೆ ಮೂವತ್ತು ಕಿ.ಮೀ.ಗೆ ಒಂದೂವರೆ ಲೀಟರ್, ಸಂಜೆ ಮೂವತ್ತಕ್ಕೆ ಎರಡೂವರೆ ಲೀಟರ್. ಒಟ್ಟು ಅರವತ್ತು ಕಿ.ಮೀ.ಗೆ ನಾಲ್ಕು ಲೀಟರ್. ಹದಿನೈದು! ಕೆಟ್ಟ ಪ್ರಯಾಣವೇ ಹೆಚ್ಚು ಎಣ್ಣೆ ಕುಡಿಯುವುದರಿಂದ ಸರಾಸರಿಯನ್ನೂ ಅದೇ ಕೆಳಗೆ ಎಳೆಯುತ್ತದೆ.

ಸಂಜೆ ಹೆಚ್ಚಾಗಿ ಹೋದ ಆ ಒಂದು ಲೀಟರ್ ಎಲ್ಲಿಗೆ ಹೋಯಿತು? ಇಂಥ ಚಿಕ್ಕ ಡೀಸೆಲ್ ಎಂಜಿನ್ ನಿಂತಲ್ಲೇ ಉರಿದರೆ ಗಂಟೆಗೆ ಸುಮಾರು ಅರ್ಧ ಲೀಟರ್ ತೆಗೆದುಕೊಳ್ಳುತ್ತದೆ. ಎ.ಸಿ. ಹಾಕಿದರೆ ಇನ್ನೂ ಹೆಚ್ಚು. ಸಂಜೆಯ ಪ್ರಯಾಣ ಬೆಳಗ್ಗಿನದಕ್ಕಿಂತ ಅರವತ್ತೈದು ನಿಮಿಷ ಉದ್ದ. ಮುಕ್ಕಾಲು ಪಾಲು ಲೆಕ್ಕ ಅಲ್ಲೇ ಸಿಕ್ಕಿತು. ಉಳಿದದ್ದು ಬ್ರೇಕಿಗೆ. ಟನ್ನಿನಷ್ಟು ತೂಕದ ಕಾರನ್ನು ನಲವತ್ತರ ವೇಗಕ್ಕೆ ತಂದು ಮುಂದಿನ ಸಿಗ್ನಲಿನಲ್ಲಿ ನಿಲ್ಲಿಸುತ್ತೇವೆ. ಅಷ್ಟೂ ಶಕ್ತಿ ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಮತ್ತೆ ಮೊದಲಿನಿಂದ. ಮುಂಬಯಿಯಲ್ಲಿ ಎಣ್ಣೆ ಖರ್ಚಾಗುವುದು ದೂರಕ್ಕಿಂತ ಹೆಚ್ಚು ಹೊತ್ತಿಗೆ. ಆದರೆ ನಮ್ಮ ಲೆಕ್ಕವೆಲ್ಲ ಕಿಲೋಮೀಟರಿನದ್ದು.

ಕಂಪನಿಯ ಕಾಗದದಲ್ಲಿ ಇಪ್ಪತ್ತೆರಡಕ್ಕೂ ಮೇಲೆ ಬರೆದಿತ್ತಲ್ಲ, ಅದು ಸುಳ್ಳೇ ಎಂದು ಭಾವ ಕೇಳಿದರು. ಸುಳ್ಳಲ್ಲ. ಆ ಪರೀಕ್ಷೆಯಲ್ಲಿ ಕಾರು ರಸ್ತೆಗೇ ಇಳಿಯುವುದಿಲ್ಲ. ಪ್ರಯೋಗಾಲಯದಲ್ಲಿ ರೋಲರುಗಳ ಮೇಲೆ ನಿಂತಲ್ಲೇ ಓಡುತ್ತದೆ. ಸುಮಾರು ಇಪ್ಪತ್ತು ನಿಮಿಷ, ಹತ್ತು ಕಿ.ಮೀ. ಚಿಲ್ಲರೆ, ಗರಿಷ್ಠ ವೇಗ ಗಂಟೆಗೆ 90, ಎ.ಸಿ. ಬಂದ್. ಯಾವ ಕಾರು ಯಾವುದಕ್ಕಿಂತ ಮೇಲು ಎಂದು ಹೋಲಿಸುವುದಕ್ಕೆ ಅದು ಒಳ್ಳೆಯ ಅಳತೆ. ಆದರೆ ರೋಲರಿನ ಮೇಲೆ ಸಾಯನ್ ಸರ್ಕಲ್ ಬರುವುದಿಲ್ಲ, ಮಳೆಗಾಲದ ಗುಂಡಿಗಳೂ ಬರುವುದಿಲ್ಲ.

ಪರದೆಯ ಮಾತನ್ನೂ ಪೂರ್ತಿ ನಂಬಬೇಡಿ. ಆ ತಿಂಗಳು ನಾನು ಓಡಿಸಿದ್ದು 482 ಕಿ.ಮೀ., ಟ್ಯಾಂಕಿಗೆ ಹಿಡಿದದ್ದು 34.2 ಲೀಟರ್. ಹದಿನಾಲ್ಕಕ್ಕೆ ಒಂದು ಕೂದಲು ಮೇಲೆ. ಪರದೆ ಹದಿನೈದು ಎನ್ನುತ್ತಿತ್ತು. ಟ್ಯಾಂಕಿನ ಲೆಕ್ಕವೇ ಲೆಕ್ಕ. ಅದನ್ನು ಮಾಡುವುದು ಸುಲಭ, ಆದರೂ ನಮ್ಮಲ್ಲಿ ಹೆಚ್ಚಿನವರು ಮಾಡುವುದಿಲ್ಲ, ಏಕೆಂದರೆ ಪಂಪಿಗೆ ಹೋಗಿ ಐನೂರರದ್ದು ಹಾಕು, ಸಾವಿರದ್ದು ಹಾಕು ಎನ್ನುವುದೇ ರೂಢಿ. ಟ್ಯಾಂಕ್ ತುಂಬಿಸಿ, ಪೈಪು ತಾನಾಗಿ ಕಟ್ ಆದಲ್ಲಿಗೆ ನಿಲ್ಲಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲ ಸಾಧ್ಯವಾದರೆ ಅದೇ ಪಂಪಿನಲ್ಲಿ, ಹಾಗೆಯೇ ಮೊದಲ ಕಟ್‌ವರೆಗೆ ತುಂಬಿಸಿ, ಓಡಿದ ಕಿಲೋಮೀಟರನ್ನು ಆಗ ಹಿಡಿದ ಲೀಟರಿನಿಂದ ಭಾಗಿಸಿ. ಹತ್ತು ಲೀಟರಿಗೇ ಲೆಕ್ಕ ಹಾಕಲು ಹೋದರೆ, ಒಂದು ಲೀಟರ್ ಆಚೀಚೆ ಆದರೂ ನೂರಕ್ಕೆ ಹತ್ತು ತಪ್ಪು. ಮೂವತ್ತು ಲೀಟರ್ ದಾಟಲಿ. ಒಂದು ಟ್ಯಾಂಕ್ ನೋಡಿ ಸಂಭ್ರಮವೂ ಬೇಡ, ಗಾಬರಿಯೂ ಬೇಡ. ಐದು ಟ್ಯಾಂಕ್ ನೋಡಿ.

ಸರಿ, ಎಂಜಿನ್ ಹೋಗಿದೆಯೋ ಇಲ್ಲವೋ? ಅದಕ್ಕೆ ಉತ್ತರವೂ ಪುಸ್ತಕದಲ್ಲೇ ಇತ್ತು. ಅದೇ ವರ್ಷದ ಮೇ ತಿಂಗಳಲ್ಲಿ ನಾವು ಊರಿಗೆ ಹೋಗಿದ್ದೆವು, ಅದೇ ಬೆಳಗಾವಿ ದಾರಿ. ಲೀಟರಿಗೆ 20.3. ಇಷ್ಟು ವರ್ಷಕ್ಕೆ ಒಂದು ಚಿಲ್ಲರೆ ಕಡಿಮೆ, ಅಷ್ಟೆ. ಅಪ್ಪಯ್ಯ ಗಂಟೆಗೆ ಎಂಬತ್ತು ದಾಟುತ್ತಿರಲಿಲ್ಲ, ನಾನು ನೂರರಲ್ಲಿ ಹೋಗುತ್ತೇನೆ. ಎಂಬತ್ತರಿಂದ ನೂರಕ್ಕೆ ಹೋದರೆ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಹೋದದ್ದು ಎಂಜಿನ್ನೋ ನನ್ನ ಕಾಲೋ ಎಂದು ಅವರು ನಕ್ಕರು. ಇಂಜೆಕ್ಟರ್ ಕೆಟ್ಟಿದ್ದರೆ ಹೆದ್ದಾರಿಯಲ್ಲೂ ಮೈಲೇಜ್ ಬೀಳಬೇಕು, ಕರಿ ಹೊಗೆ ಬರಬೇಕು, ಬೆಳಿಗ್ಗೆ ಸ್ಟಾರ್ಟ್ ಆಗಲು ತಡವರಿಸಬೇಕು. ಮೂರೂ ಇರಲಿಲ್ಲ. ಆ ದೊಡ್ಡ ಮೊತ್ತ ಕೈಯಲ್ಲೇ ಉಳಿಯಿತು.

ಹದಿಮೂರು ಬಂದ ತಿಂಗಳಿಗೆ ಮಾತ್ರ ಒಂದು ನಿಜವಾದ ಕಾರಣವಿತ್ತು. ಒಂದು ಸಂಜೆ ಕಾರು ನಿಲ್ಲಿಸಿ ಇಳಿದಾಗ ಎಡಗಡೆಯ ಮುಂದಿನ ಚಕ್ರದ ಬಳಿ ಸುಟ್ಟ ವಾಸನೆ. ಕೈ ಹತ್ತಿರ ಒಯ್ದರೆ ಝಳ. ಬಲಗಡೆಯದು ಅಷ್ಟು ಬಿಸಿ ಇಲ್ಲ. ಬ್ರೇಕ್ ಹಿಡಿದುಕೊಂಡೇ ಇತ್ತು, ಪೆಡಲ್ ಬಿಟ್ಟರೂ ಬಿಡುತ್ತಿರಲಿಲ್ಲ. ಹತ್ತಿರದ ಮೆಕ್ಯಾನಿಕ್ ಬಿಚ್ಚಿ, ತುಕ್ಕು ಕೆರೆದು, ಗ್ರೀಸ್ ಹಾಕಿ ಕೂಡಿಸಿಕೊಟ್ಟ. ಟಯರಿನ ಗಾಳಿಯೂ ಕಡಿಮೆ ಇತ್ತು, ತುಂಬಿಸಿದೆವು. ಹದಿಮೂರು ಹೋಗಿ ಹದಿನಾಲ್ಕು ಬಂತು.

ಇನ್ನೊಂದು ಬದಲಾವಣೆ ನಾವೇ ಮಾಡಿಕೊಂಡೆವು. ಎರಡು ಕಿ.ಮೀ. ದೂರದ ಮಾರ್ಕೆಟಿಗೆ ಕಾರು ಬಂದ್. ಡೀಸೆಲ್ ಎಂಜಿನ್ ಸರಿಯಾಗಿ ಬಿಸಿಯಾಗುವಷ್ಟರಲ್ಲಿ ಮಾರ್ಕೆಟ್ ಬಂದಿರುತ್ತದೆ. ತಣ್ಣಗಿನ ಎಂಜಿನ್ ಹೆಚ್ಚು ಕುಡಿಯುತ್ತದೆ.

ಇಷ್ಟಾದರೆ ಕಾರು ಇಟ್ಟುಕೊಳ್ಳಬಹುದು ಎಂದು ತೀರ್ಪು ಬರೆಯಬಹುದಿತ್ತು. ಬರೆಯಲು ಮನಸ್ಸು ಬಾರದ ಕಾರಣ ಒಂದಿದೆ. ಮೈಲೇಜ್ ಚೆನ್ನಾಗಿದೆ ಎಂದರೆ ಹೊಗೆ ಶುದ್ಧ ಎಂದಲ್ಲ. ನಮ್ಮದು ಬಿಎಸ್-4 ಕಾಲದ ಕಾರು. 2020ರಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಮಸಿಯ ಕಣಗಳನ್ನು ಹಿಡಿಯುವ ಫಿಲ್ಟರ್ ಇರುತ್ತದೆ, ನಮ್ಮದರಲ್ಲಿಲ್ಲ. ಸಂಜೆ ನಾನು ನಿಂತಲ್ಲೇ ಉರಿಸುವ ಆ ಮುಕ್ಕಾಲು ಲೀಟರ್ ನನ್ನ ಜೇಬಿನಿಂದ ಹೋಗುತ್ತದೆ ನಿಜ, ಆದರೆ ಅದರ ಹೊಗೆ ಹೋಗುವುದು ಪಕ್ಕದ ಬಸ್‌ಸ್ಟಾಪಿನಲ್ಲಿ ನಿಂತವರ ಮೂಗಿಗೆ.

ಈ ಊರಿಗೆ ಇದು ಹೊಸ ಜಗಳವಲ್ಲ. ಹಿರಿಯ ಕೇಳುಗರಿಗೆ ಡೀಸೆಲ್ ಟ್ಯಾಕ್ಸಿಗಳ ಹೊಗೆ ನೆನಪಿರಬಹುದು. ಹೊಗೆಯಿಂದ ನೊಂದ ನಿವಾಸಿಗಳ ವೇದಿಕೆಯೊಂದು 1999ರಲ್ಲಿ ಬಾಂಬೆ ಹೈಕೋರ್ಟಿಗೆ ಹೋಯಿತು. ಆ ಬಳಿಕ ಹಳೆಯ ಟ್ಯಾಕ್ಸಿಗಳು ಸಿಎನ್‌ಜಿಗೆ ಬದಲಾದವು. ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. 2025ರ ಜನವರಿಯಲ್ಲಿ ಅದೇ ಹೈಕೋರ್ಟು, ಮುಂಬಯಿಯಲ್ಲಿ ಪೆಟ್ರೋಲ್, ಡೀಸೆಲ್ ವಾಹನಗಳನ್ನೇ ಹಂತಹಂತವಾಗಿ ನಿಲ್ಲಿಸಬಹುದೇ ಎಂದು ನೋಡಲು ಸಮಿತಿ ರಚಿಸಬೇಕೆಂದಿತು. ಸರಕಾರ ಏಳು ಜನರ ಸಮಿತಿ ಮಾಡಿತು. ಅಪ್ಪಯ್ಯ ಆ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಪುಸ್ತಕದೊಳಗೆ ಇಟ್ಟಿದ್ದಾರೆ.

ನಮ್ಮ ಕಾರಿಗೆ 2027ರ ಜೂನ್‌ನಲ್ಲಿ ಹದಿನೈದು ತುಂಬುತ್ತದೆ. ನೋಂದಣಿ ಮುಂದುವರಿಸಬೇಕಾದರೆ ತಪಾಸಣೆ, ಶುಲ್ಕ, ಹಸಿರು ತೆರಿಗೆ. ಭಾವ ಸಿಎನ್‌ಜಿ ಕಾರಿನ ಬೆಲೆಪಟ್ಟಿ ತಂದು ಟೀಪಾಯಿಯ ಮೇಲೆ ಇಟ್ಟು ಹೋಗಿದ್ದಾರೆ. ನಾನು ಆಗಲೇ ಒಂದು ದಿನದ ಪಾಳಿಗೆ ಲೋಕಲ್ ಹಿಡಿಯತೊಡಗಿದ್ದೇನೆ. ಮೊನ್ನೆ ಅಪ್ಪಯ್ಯನನ್ನೇ ನೇರ ಕೇಳಿದೆ, ಏನು ಮಾಡುವುದು ಅಂತ. ಅವರು ಪುಸ್ತಕದ ಕೊನೆಯ ಹಾಳೆಗಳನ್ನು ಒಂದೊಂದಾಗಿ ಎಣಿಸಿದರು. ಹನ್ನೊಂದು ಉಳಿದಿದ್ದವು.

"ಪುಸ್ತ್ಕ ಮುಗೀಲಿ, ಆಮೇಲ್ ಕಾಂಬ" ಎಂದರು.