ಅರ್ಧ ಪಾಲು ನಮ್ಮದು

ಹೆಡತಲೆಯಿಂದಲೂ ಸುತ್ತಲಿನ ಹಳ್ಳಿಗಳಿಂದಲೂ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ನಂಜನಗೂಡಿನ ಕಾರ್ಖಾನೆಗಳಿಗೆ ಹೊರಡುವ ಹುಡುಗ ಹುಡುಗಿಯರೇ, ಈ ಮಾತು ನಿಮಗೆ. ನಿಮ್ಮ ತಾಲ್ಲೂಕಿಗೆ ವಿದೇಶಿ ಕಂಪನಿಗಳು ಬಂದು ಮೂರು ದಶಕ ದಾಟಿತು. ಸ್ವಿಟ್ಜರ್ಲೆಂಡಿನ ನೆಸ್ಲೆ 1989ರಲ್ಲಿ ಇಲ್ಲಿ ಕಾಫಿ ಪುಡಿಯ ಕಾರ್ಖಾನೆ ತೆರೆಯಿತು. ಆಸ್ಟ್ರಿಯಾದ ಎಟಿ ಅಂಡ್ ಎಸ್ 1999ರಿಂದ ಇಲ್ಲೇ ಸರ್ಕ್ಯೂಟ್ ಬೋರ್ಡು ತಯಾರಿಸುತ್ತಿದೆ. ಅಲ್ಲಿ ದುಡಿಯುವುದು ಮರ್ಯಾದೆಯ ಕೆಲಸ. ಆ ಸಂಬಳದಿಂದ ಎಷ್ಟೋ ಮನೆಗಳಲ್ಲಿ ತಂಗಿಯ ಓದು ನಡೆದಿದೆ, ಅಪ್ಪನ ಸಾಲ ತೀರಿದೆ. ಆದರೂ ನಿಮ್ಮನ್ನು ಒಂದು ಮಾತು ಕೇಳಬೇಕು. ಹೊರದೇಶದ ವ್ಯಾಪಾರದ ಜೊತೆ ನಮಗಿರುವ ನಂಟು ಗೇಟಿನಲ್ಲಿ ಹಾಜರಿ ಹಾಕುವಷ್ಟಕ್ಕೇ ಮುಗಿಯಬೇಕೆ? ಎದುರು ಕುಳಿತು ಕರಾರಿಗೆ ರುಜು ಹಾಕುವ ಪಾಲುದಾರರು ಈ ಕಪಿಲೆಯ ದಂಡೆಯಿಂದ ಏಕೆ ಹೊರಡಬಾರದು?

ಅದಕ್ಕೆಲ್ಲ ದುಡ್ಡು ಯಾರು ಕೊಡುತ್ತಾರೆ ಎಂದು ಕೇಳುವಿರಿ. ಮೊದಲು ನಮ್ಮ ನಾಡಿನದೇ ಹಳೆಯ ಲೆಕ್ಕ ನೋಡೋಣ.

ನಂಜನಗೂಡು ದಾಟಿದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿ ಶಿವನಸಮುದ್ರಕ್ಕೆ ಹರಿಯುತ್ತಾಳೆ. ಆ ನೀರಿನಿಂದ 1902ರಲ್ಲಿ ವಿದ್ಯುತ್ತು ಹುಟ್ಟಿ, 92 ಮೈಲಿ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು. ವಿದ್ಯುತ್ ಯಂತ್ರ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು, ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು, ಕರೆಂಟು ಕೊಂಡವರು ಗಣಿ ನಡೆಸುತ್ತಿದ್ದ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿಯವರು. ಬಂಡವಾಳ ಹಾಕಿದ್ದು ಮಾತ್ರ ಮೈಸೂರು ಸರ್ಕಾರ. ಹಾಗಾಗಿಯೇ ಒಡೆತನವೂ ಮೈಸೂರಿಗೇ ಉಳಿಯಿತು. ಈ ಯೋಜನೆಗೆ ಬೆನ್ನೆಲುಬಾಗಿ ನಿಂತ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲಿ ತೀರಿಕೊಂಡರು, ದೀಪ ಹತ್ತಿದ್ದನ್ನು ಕಾಣಲಿಲ್ಲ. ಪರರ ಆಳ್ವಿಕೆಯ ನೆರಳಲ್ಲಿದ್ದ ಒಂದು ಸಂಸ್ಥಾನ ಮೂರು ದೇಶಗಳ ಕಂಪನಿಗಳ ಜೊತೆ ವ್ಯವಹಾರ ಕುದುರಿಸಿ, ತನ್ನ ಪಾಲನ್ನು ಬಿಟ್ಟುಕೊಡದೆ ನಿಂತಿತು. ಆ ಎದೆಗಾರಿಕೆ ನಮ್ಮ ಹಿರಿಯರದು.

ಅದೇ ಕಾಲದ ಇನ್ನೊಂದು ಸಂಗತಿಯನ್ನು ರೇಷ್ಮೆ ಸಾಕುವವರ ಮಕ್ಕಳು ತಿಳಿದಿರಲೇಬೇಕು. 1890ರ ದಶಕದ ಕೊನೆಯ ಹೊತ್ತಿಗೆ ಜಮ್ಶೆಟ್ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿ ಪದ್ಧತಿಯ ರೇಷ್ಮೆ ತೋಟ ಮಾಡಲು ಮುಂದಾದಾಗ ಮೈಸೂರು ಸರ್ಕಾರ ಜಾಗವನ್ನೂ ವರ್ಷ ವರ್ಷ ಸಹಾಯಧನವನ್ನೂ ಕೊಟ್ಟಿತು. ತೋಟ ನೋಡಿಕೊಳ್ಳಲು ಜಪಾನಿನಿಂದ ದಂಪತಿ ಬಂದರು, ಇಲ್ಲಿಯವರಿಗೆ ಹುಳು ಸಾಕುವುದನ್ನೂ ನೂಲು ತೆಗೆಯುವುದನ್ನೂ ಕಲಿಸಿದರು. ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಬೆಂಗಳೂರಿನ ಆ ಬಡಾವಣೆಗೆ ಇಂದಿಗೂ ಇದೆ. ಸರ್ಕಾರದ ನೆಲ, ಖಾಸಗಿ ಬಂಡವಾಳ, ವಿದೇಶದ ವಿದ್ಯೆ, ಕಲಿಯುವ ಕೈ ನಮ್ಮದು. ಇವತ್ತು ದೊಡ್ಡ ದೊಡ್ಡ ಕಚೇರಿಗಳಲ್ಲಿ ಹೊಸದೆಂಬಂತೆ ಹೇಳುವ ಅಂತರರಾಷ್ಟ್ರೀಯ ಪಾಲುದಾರಿಕೆಯ ನಾಲ್ಕೂ ಅಂಗ ಅದರಲ್ಲಿದ್ದವು.

ಆಮೇಲಿನದು ನಿಮ್ಮ ಹಿತ್ತಲಿನ ಕತೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ವಿಟ್ಜರ್ಲೆಂಡಿನಿಂದ 32 ಮಗ್ಗ ತರಿಸಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಹೂಡಿದರು. ಅದಾಗಿ ಒಂದೆರಡು ವರ್ಷದಲ್ಲಿ ಇಟಲಿಯ ರೇಷ್ಮೆ ತಜ್ಞ ವಾಷಿಂಗ್ಟನ್ ಮಾರಿಯವರನ್ನು ಸರ್ಕಾರ ಕರೆಸಿಕೊಂಡಿತು. ಆ ನೇಯ್ಗೆ ಕಾರ್ಖಾನೆಯ ಮೈಸೂರು ಸಿಲ್ಕ್ ಸೀರೆಗೆ ನೂಲು ಹೋಗುವುದು ಟಿ. ನರಸೀಪುರದಲ್ಲಿ ಗೂಡಿನಿಂದ ನೂಲು ತೆಗೆಯುವ ಫಿಲೇಚರಿನಿಂದ. ಮುಂದೆ 1991ರಿಂದ 2007ರವರೆಗೆ ಜಪಾನ್ ಸರ್ಕಾರದ ಸಹಕಾರ ಸಂಸ್ಥೆ ಜೈಕಾ, ಕೇಂದ್ರ ರೇಷ್ಮೆ ಮಂಡಳಿಯ ಜೊತೆ ಸೇರಿ ಮೂರು ಹಂತಗಳಲ್ಲಿ ದ್ವಿತಳಿ ರೇಷ್ಮೆಯ ಕೆಲಸ ನಡೆಸಿತು. ಅದರ ನೆಲೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ.

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಸಹಾಯಧನ ಹೇಗೆ ಫಲ ಕೊಡುತ್ತದೆ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ನಮ್ಮ ಮೈಸೂರು ತಳಿಯ ಹುಳು ಬಿಸಿಲು, ರೋಗ ಎರಡನ್ನೂ ತಡೆದುಕೊಳ್ಳುತ್ತದೆ. ಆದರೆ ಗೂಡು ಸಣ್ಣದು, ನೂಲು ಗಿಡ್ಡ. ಜಪಾನಿನ ದ್ವಿತಳಿಯ ಬಿಳಿ ಗೂಡಿನಲ್ಲಿ ನೂಲು ಉದ್ದ, ಗುಣಮಟ್ಟ ಹೆಚ್ಚು, ಆದರೆ ಆ ಹುಳು ನಮ್ಮ ಬಿಸಿಲಿಗೆ ಬಾಡುತ್ತಿತ್ತು. ಉಷ್ಣದೇಶದಲ್ಲಿ ದ್ವಿತಳಿ ಆಗದ ಮಾತು ಎಂದು ನಂಬಿದ್ದವರೇ ಹೆಚ್ಚು. ಜಪಾನಿ ತಜ್ಞರೂ ನಮ್ಮ ವಿಜ್ಞಾನಿಗಳೂ ಕೂಡಿ ಸಿಎಸ್‌ಆರ್ ತಳಿಗಳನ್ನು ರೂಪಿಸಿದರು. ಸಂಸ್ಥೆಯ ವಿ-1 ಹಿಪ್ಪುನೇರಳೆ ಬಂತು. 1997ರಿಂದ ಕೆಲಸ ಪ್ರಯೋಗಶಾಲೆಯ ಹೊಸ್ತಿಲು ದಾಟಿ ರೈತರ ಹುಳುಮನೆಗೆ ಹೊಕ್ಕಿತು. ಚಾಕಿಯ, ಅಂದರೆ ಮರಿಹುಳು ಸಾಕಣೆಯ, ಶುಚಿ, ರೆಂಬೆ ಸಮೇತ ಸೊಪ್ಪು ಹಾಕುವ ಪದ್ಧತಿ, ಹಣ್ಣಾದ ಹುಳುವನ್ನು ಹೊತ್ತಿಗೆ ಸರಿಯಾಗಿ ಚಂದ್ರಿಕೆಗೆ ಬಿಡುವುದು, ಎಲ್ಲವನ್ನೂ ರೈತ ಹೆಣ್ಣುಮಕ್ಕಳು ಕೈಯಾರೆ ಮಾಡಿ ತೋರಿಸಿದರು. ಜಪಾನಿನ ಹಣ ವಿದ್ಯೆಯನ್ನು ತಂದಿತು. ಅದನ್ನು ಬೆಳೆಯಾಗಿಸಿದ್ದು ನಮ್ಮ ತಾಯಂದಿರ ನಿದ್ದೆಗೆಟ್ಟ ರಾತ್ರಿಗಳು. ಸಹಾಯಧನವೆಂದರೆ ಹೆಪ್ಪು, ಹಾಲು ಮನೆಯದೇ ಇರಬೇಕು.

ಕಲಿತ ನಾಡು ಕಲಿಸುವ ನಾಡೂ ಆಯಿತು. ಅದೇ ಮೈಸೂರಿನ ಸಂಸ್ಥೆಗೆ ಬೇರೆ ಬೇರೆ ಬೆಳೆಯುತ್ತಿರುವ ದೇಶಗಳಿಂದ ರೇಷ್ಮೆ ಕಲಿಯಲು ಜನ ಬಂದಿದ್ದಾರೆ. ಮೈಸೂರಿನದೇ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ 1964ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಶುರುವಾದ ತರಬೇತಿ ಕೇಂದ್ರಕ್ಕೂ ಏಷ್ಯಾ, ಆಫ್ರಿಕಾದ ವಿದ್ಯಾರ್ಥಿಗಳು ಬಂದರು. ಭಾರತ ಸರ್ಕಾರ ತನ್ನದೇ ಖರ್ಚಿನಲ್ಲಿ ಇತರ ದೇಶದವರಿಗೆ ತರಬೇತಿ ಕೊಡುವ ಐಟೆಕ್ ಯೋಜನೆ ಹುಟ್ಟಿದ್ದೂ 1964ರಲ್ಲೇ. ಪಡೆಯುವ ಕೈ, ಕೊಡುವ ಕೈ ಎರಡೂ ನಮ್ಮವೇ. ತಾಂಜಾನಿಯಾದಿಂದಲೋ ಉಗಾಂಡಾದಿಂದಲೋ ನಿಮ್ಮ ವಯಸ್ಸಿನ ಒಬ್ಬರು ವಿಮಾನ ಹತ್ತಿ ಮೈಸೂರಿಗೆ ಕಲಿಯಲು ಬರಬಹುದಾದರೆ, ಹೆಡತಲೆಯವರಿಗೆ ಒಂದು ಬಸ್ಸಿನ ದೂರ ಹೆಚ್ಚಾಗುತ್ತದೆಯೇ?

ಈಗ ದುಡ್ಡಿನ ವಿಚಾರಕ್ಕೆ ಬರುತ್ತೇನೆ. ಯೂರೋಪಿನ ಹಲವು ಸರ್ಕಾರಗಳು ತಮ್ಮ ಕಂಪನಿಗಳು ಬೆಳೆಯುತ್ತಿರುವ ದೇಶಗಳಲ್ಲಿ ಪಾಲುದಾರರನ್ನು ಹುಡುಕಿಕೊಳ್ಳಲಿ ಎಂದು ಹಣ ಕೊಡುತ್ತವೆ. ಜರ್ಮನಿಯ ಡೆವಲಪ್ ಪಿಪಿಪಿ ಎಂಬ ಕಾರ್ಯಕ್ರಮ 1999ರಿಂದ ನಡೆದಿದೆ. ಒಂದು ಯೋಜನೆಗೆ 1 ಲಕ್ಷದಿಂದ 20 ಲಕ್ಷ ಯೂರೋವರೆಗೆ ಸಿಗುತ್ತದೆ, ಒಟ್ಟು ಖರ್ಚಿನಲ್ಲಿ ಕನಿಷ್ಠ ಅರ್ಧವನ್ನು ಕಂಪನಿಯೇ ಹಾಕಬೇಕು. ಫಿನ್‌ಲೆಂಡಿನ ಫಿನ್‌ಪಾರ್ಟ್ನರ್‌ಶಿಪ್ ಪಾಲುದಾರಿಕೆಯ ಸಿದ್ಧತೆಗೆ ತಗಲುವ ಖರ್ಚಿನ ಒಂದು ಭಾಗವನ್ನು ಭರಿಸುತ್ತ ಬಂದಿದೆ. ಈ ಹಣ ಹಳ್ಳಿಯ ಒಂದು ಸಣ್ಣ ಘಟಕದ ಖಾತೆಗೆ ನೇರವಾಗಿ ಬೀಳುವುದಿಲ್ಲ. ಅಲ್ಲಿನ ಕಂಪನಿ ಇಲ್ಲಿ ಒಬ್ಬ ನಂಬಿಕಸ್ಥ ಜೊತೆಗಾರರನ್ನು ಹುಡುಕುತ್ತದೆ. ಲೆಕ್ಕ ಸರಿಯಿರುವ, ಮಾಲಿನ ಗುಣ ತಿಂಗಳಿಂದ ತಿಂಗಳಿಗೆ ಬದಲಾಗದ, ಇಮೇಲಿಗೆ ಉತ್ತರ ಬರೆಯುವ ಜೊತೆಗಾರರನ್ನು. ಆ ಜಾಗ ಖಾಲಿ ಇದೆ. ಅದನ್ನು ತುಂಬಬೇಕಾದವರು ನೀವು.

ಅಲ್ಲಿಗೆ ಮುಟ್ಟುವ ಮೆಟ್ಟಿಲುಗಳಿಗೆ ನಮ್ಮ ಸರ್ಕಾರಗಳೂ ಹಣ ಇಟ್ಟಿವೆ. ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ ಸಹಾಯಧನ ಶೇ 35, ಗರಿಷ್ಠ 10 ಲಕ್ಷ ರೂಪಾಯಿ. ಕರ್ನಾಟಕ ಸರ್ಕಾರ ಇನ್ನೂ ಶೇ 15 ಸೇರಿಸಿ ಅದನ್ನು ಅರ್ಧಕ್ಕೆ ಏರಿಸಿತು. ಫಲಾನುಭವಿ ತನ್ನ ಕೈಯಿಂದ ಕನಿಷ್ಠ ಶೇ 10 ಹಾಕಬೇಕು, ಉಳಿದದ್ದು ಬ್ಯಾಂಕ್ ಸಾಲ. ಒಂದು ಜಿಲ್ಲೆ ಒಂದು ಉತ್ಪನ್ನ ಎಂದು ಆ ಯೋಜನೆ ಮೈಸೂರು ಜಿಲ್ಲೆಗೆ ಆರಿಸಿದ ಬೆಳೆ ಬಾಳೆ. ಸಣ್ಣ ಉದ್ದಿಮೆ ಸಚಿವಾಲಯದ ಅಂತರರಾಷ್ಟ್ರೀಯ ಸಹಕಾರ ಯೋಜನೆ ಹೊರದೇಶದ ಮೇಳಕ್ಕೆ ಹೋಗುವ ಖರ್ಚಿನಲ್ಲಿ ಪಾಲು ಕೊಡುತ್ತದೆ. ಮೊದಲ ಸಲ ರಫ್ತು ಮಾಡುವವರಿಗೆ ನೋಂದಣಿ ಶುಲ್ಕ, ರಫ್ತು ವಿಮೆಯ ಕಂತು, ಗುಣಮಟ್ಟದ ಪ್ರಮಾಣಪತ್ರದ ಖರ್ಚನ್ನು ಮರಳಿಸುವ ವ್ಯವಸ್ಥೆ 2022ರಲ್ಲಿ ಅದಕ್ಕೆ ಸೇರಿತು. ಯೋಜನೆಗಳ ಅವಧಿ, ಮಿತಿ ಬದಲಾಗುತ್ತಿರುತ್ತವೆ. ಆದ್ದರಿಂದ ಯಾರೋ ಹೇಳಿದ್ದನ್ನು ನಂಬಿ ಕೂರದೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲೂ ಕೃಷಿ ಇಲಾಖೆಯಲ್ಲೂ ನೀವೇ ಹೋಗಿ ಕೇಳಿ.

ಬಾಳೆ ಎಂದಾಗ ನಂಜನಗೂಡಿನವರ ಎದೆಯಲ್ಲಿ ಒಂದು ನೋವೂ ಏಳುತ್ತದೆ. ರಸಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ನಾಡಿನಲ್ಲೆಲ್ಲ ಹೆಸರಿದೆ, ತೋಟ ಮಾತ್ರ ಕರಗಿದೆ. ಪನಾಮಾ ಸೊರಗು ರೋಗ ಅದನ್ನು ಮಣ್ಣಿನಿಂದಲೇ ಹಿಡಿಯಿತು. ಕಳೆದ ಶತಮಾನದಲ್ಲಿ ಮಧ್ಯ ಅಮೆರಿಕದ ಗ್ರೋ ಮಿಶೆಲ್ ಬಾಳೆಯ ವ್ಯಾಪಾರವನ್ನು ನೆಲಕಚ್ಚಿಸಿದ್ದು ಇದೇ ರೋಗ. ಅದರ ಹೊಸ ರೂಪ 2013ರಲ್ಲಿ ಮೊಜಾಂಬಿಕ್‌ನಲ್ಲಿ, 2019ರಲ್ಲಿ ಕೊಲಂಬಿಯಾದಲ್ಲಿ ಕಾಣಿಸಿತು. ಅಂದರೆ ದೇವರಸನಹಳ್ಳಿಯ ರೈತನ ಸಂಕಟವೂ ಕೊಲಂಬಿಯಾದ ರೈತನ ಸಂಕಟವೂ ಒಂದೇ ಜಾತಿಯವು. ರೋಗವಿಲ್ಲದ ಅಂಗಾಂಶ ಕೃಷಿ ಸಸಿ, ಮಣ್ಣಿನ ಆರೈಕೆ, ರೋಗದ ಬೇಗನೆಯ ಪತ್ತೆ: ಈ ಕೆಲಸಕ್ಕೆ ಇಡೀ ಉಷ್ಣವಲಯ ಗಿರಾಕಿ. ಕೃಷಿ ಪದವಿ ಮುಗಿಸಿ ಸರ್ಕಾರಿ ಕೆಲಸದ ಅಧಿಸೂಚನೆ ಕಾಯುತ್ತಿರುವ ತಮ್ಮಂದಿರೇ, ತಂಗಿಯರೇ, ನಿಮ್ಮೂರಿನ ಕಾಯಿಲೆಯೇ ನಿಮ್ಮ ವಿದ್ಯೆಗೆ ಕಾಯುತ್ತಿರುವ ಕೆಲಸ. ಜಗತ್ತಿನಲ್ಲಿ ಅತಿ ಹೆಚ್ಚು ಬಾಳೆ ಬೆಳೆಯುವ ದೇಶ ಭಾರತ. ರಫ್ತಿನ ಪೇಟೆಯಲ್ಲಿ ನಮ್ಮ ಪಾಲು ತೀರ ಚಿಕ್ಕದು. ಈ ಅಂತರ ನನ್ನನ್ನು ಸುಮ್ಮನೆ ಕೂರಲು ಬಿಡುವುದಿಲ್ಲ, ನಿಮ್ಮನ್ನೂ ಬಿಡಬಾರದು.

ಹಳ್ಳಿಯ ಬೆಳೆ ಹೊರದೇಶಕ್ಕೆ ಹೋಗುವುದು ಕನಸಿನ ಮಾತೆನ್ನುವವರಿಗೆ ಮಿಡಿಸೌತೆಯನ್ನು ತೋರಿಸಿ. 1990ರ ದಶಕದಲ್ಲಿ ಕರ್ನಾಟಕದಲ್ಲಿ ಸಣ್ಣದಾಗಿ ಶುರುವಾದ ಬೆಳೆ ಅದು. ನಮ್ಮ ಅಡುಗೆಮನೆಯಲ್ಲಿ ಅದಕ್ಕೆ ಜಾಗವೇ ಇಲ್ಲ, ಬೆಳೆದದ್ದು ಪರದೇಶದ ಊಟದ ಮೇಜಿಗೆ. 2020-21ರಲ್ಲಿ ದೇಶದ ಮಿಡಿಸೌತೆ ರಫ್ತು 20 ಕೋಟಿ ಡಾಲರ್ ದಾಟಿತು. ಸುಮಾರು 90 ಸಾವಿರ ಸಣ್ಣ ರೈತರು 65 ಸಾವಿರ ಎಕರೆಯಲ್ಲಿ ಒಪ್ಪಂದದ ಮೇಲೆ ಬೆಳೆಯುತ್ತಾರೆ ಎನ್ನುತ್ತದೆ ವಾಣಿಜ್ಯ ಸಚಿವಾಲಯ. ರಫ್ತು ಉತ್ತೇಜನ ಸಂಸ್ಥೆ ಅಪೆಡಾ ಸಂಸ್ಕರಣೆಗೆ, ಗುಣಮಟ್ಟಕ್ಕೆ ಹಣದ ನೆರವು ಕೊಟ್ಟಿತು. ಇದು ಗೆಲುವೇ. ಆದರೆ ಅಲ್ಲಿ ರೈತ ಬೆಳೆದು ಕೊಡುವವನು, ಕರಾರು ಬರೆಯುವವರು ಬೇರೆ. ದರ, ಗಾತ್ರ, ತಿರಸ್ಕಾರ, ಎಲ್ಲ ಅವರ ಕೈಯಲ್ಲಿ. ಮುಂದಿನ ಹೆಜ್ಜೆ ಇಡಬೇಕಾದದ್ದು ಅಲ್ಲಿಯೇ: ಕರಾರು ಬರೆಯುವ ಕೈ ಊರಿನದಾಗಬೇಕು.

ಹೆಡತಲೆಯ ಲಕ್ಷ್ಮೀಕಾಂತ ದೇವಸ್ಥಾನದಲ್ಲಿ ಹದಿನಾರು ಮುಖದ ಚಾವಡಿ ಇದೆ. ಹಿಂದೆ ಊರನ್ನಾಳಿದ ನಾಯಕನೊಬ್ಬನಿಗೆ ಹದಿನಾರು ಮಂದಿ ಅಳಿಯಂದಿರು, ಒಬ್ಬರಿಗಿಂತ ಒಬ್ಬರು ಕೆಳಗೆ ಕೂರಲು ಒಲ್ಲದವರು, ಎಲ್ಲರಿಗೂ ಸಮನಾದ ಆಸನ ಸಿಗಲೆಂದು ಆ ಚಾವಡಿ ಕಟ್ಟಿಸಿದರೆಂದು ಊರವರು ಹೇಳುತ್ತಾರೆ. ಪಾಲುದಾರಿಕೆಯ ಮೊದಲ ಕಟ್ಟಳೆಯನ್ನು ಕಲ್ಲಿನಲ್ಲಿ ಕಟ್ಟಿಟ್ಟ ಊರು ನಿಮ್ಮದು. ವಿದೇಶದ ಕಂಪನಿಯ ಎದುರು ತಲೆ ತಗ್ಗಿಸಿ ನಿಲ್ಲುವ ಅಗತ್ಯ ನಿಮಗಿಲ್ಲ. ಸಮನಾಗಿ ಕೂರಲು ಬೇಕಾದದ್ದು ಇಂಗ್ಲಿಷಿನ ಠೀವಿಯೂ ಅಲ್ಲ, ಸೂಟೂ ಅಲ್ಲ. ನಿಮ್ಮ ಮಾಲು ನಿಮಗೆ ಗೊತ್ತಿರಬೇಕು, ಅದರ ಅಸಲು ಖರ್ಚು ಪೈಸೆ ಪೈಸೆ ಗೊತ್ತಿರಬೇಕು. ಕರಾರನ್ನು ಕೊನೆಯ ಸಾಲಿನವರೆಗೆ ಓದಿಸಿಕೊಂಡು ಅರ್ಥ ಮಾಡಿಕೊಂಡಿರಬೇಕು. ಒಪ್ಪದ ಷರತ್ತಿಗೆ ಆಗುವುದಿಲ್ಲ ಎನ್ನುವ ಧೈರ್ಯ ಬೇಕು.

ಒಬ್ಬರಿಂದ ಇದು ಆಗದು. ಸಬ್ಸಿಡಿ ಬಂದ ದಿನ ಶೆಡ್ಡಿಗೆ ಬಣ್ಣ ಬಳಿದು, ವರ್ಷದೊಳಗೆ ಬೀಗ ಹಾಕಿದ ಘಟಕಗಳನ್ನು ನೀವೂ ಕಂಡಿದ್ದೀರಿ. ಅವರಿಗೆ ಹಣ ಸಿಕ್ಕಿತು, ಜೊತೆ ಸಿಗಲಿಲ್ಲ. ಅಕೌಂಟ್ಸ್ ಓದಿದ ಹುಡುಗಿ, ಫುಡ್ ಟೆಕ್ನಾಲಜಿ ಓದಿದ ಹುಡುಗ, ಕಾರ್ಖಾನೆಯಲ್ಲಿ ಗುಣಮಟ್ಟ ತಪಾಸಣೆ ಮಾಡಿ ಕೈ ಪಳಗಿದವರು, ತೋಟ ಬಲ್ಲ ಅಪ್ಪ, ಹುಳುಮನೆ ಬಲ್ಲ ಅಮ್ಮ, ಮಹಿಳಾ ಸಂಘದ ಉಳಿತಾಯ, ಇವೆಲ್ಲ ಈಗಾಗಲೇ ನಿಮ್ಮ ಬೀದಿಯಲ್ಲಿವೆ. ಬಹುರಾಷ್ಟ್ರೀಯ ಕಾರ್ಖಾನೆಯಲ್ಲಿ ನೀವು ಕಲಿತ ಶಿಸ್ತನ್ನು ಕಡಿಮೆಯೆಂದು ತಿಳಿಯಬೇಡಿ. ಬ್ಯಾಚ್ ನಂಬರ್ ಬರೆಯುವುದು, ತಪ್ಪಾದ ಮಾಲನ್ನು ಬೇರ್ಪಡಿಸಿ ದಾಖಲೆ ಇಡುವುದು, ಹೊತ್ತಿಗೆ ಸರಿಯಾಗಿ ಲಾರಿ ಕಳಿಸುವುದು: ವಿದೇಶದ ಗಿರಾಕಿ ಮೊದಲು ನೋಡುವುದು ಇದನ್ನೇ.

ಶುರು ಮಾಡಲು ಲಕ್ಷಗಳು ಬೇಕಿಲ್ಲ. ಉದ್ಯಮ ನೋಂದಣಿಗೆ ಶುಲ್ಕವಿಲ್ಲ. ರಫ್ತಿಗೆ ಬೇಕಾದ ಐಇಸಿ ಸಂಖ್ಯೆಯನ್ನು ಪ್ಯಾನ್ ಕಾರ್ಡಿನ ಮೇಲೆ ಆನ್‌ಲೈನಿನಲ್ಲೇ ಪಡೆಯಬಹುದು, ಶುಲ್ಕ 500 ರೂಪಾಯಿ. ಅಪೆಡಾದ ಕಚೇರಿ ಬೆಂಗಳೂರಿನಲ್ಲಿದೆ, ಸಿಎಫ್‌ಟಿಆರ್‌ಐ ಮತ್ತು ರೇಷ್ಮೆ ಸಂಸ್ಥೆ ಮೈಸೂರಿನಲ್ಲೇ ಇವೆ. ಈ ತಿಂಗಳು ಸಂಬಳ ಕೈಗೆ ಬಂದಾಗ ನಾಲ್ಕು ಜನ ಸೇರಿ ಒಂದು ಖಾತೆ ತೆರೆಯಿರಿ, ಮೊದಲ ದಿನದಿಂದಲೇ ಲೆಕ್ಕ ಬರೆಯಿರಿ, ರಜೆಯ ದಿನವೊಂದನ್ನು ಮೈಸೂರಿನ ಆ ಎರಡು ಸಂಸ್ಥೆಗಳಲ್ಲಿ ಕಳೆಯಿರಿ. ಸರ್ಕಾರಗಳು ಅರ್ಧ ಕೊಡಲು ಸಿದ್ಧವಿವೆ. ನಮ್ಮ ಅರ್ಧವನ್ನು ಹಿಡಿದು ಹೋಗಿ ಕೇಳುವವರು ಬೇಕಾಗಿದ್ದಾರೆ, ಹೋಗಿ ಕೇಳಿ.