ಎಕ್ಕ ದೊಡ್ಡದೋ, ಗುಲಾಮ ದೊಡ್ಡವನೋ?

ಇಸ್ಪೀಟಿನ ಕಟ್ಟಿನಲ್ಲಿ ಎಲ್ಲಕ್ಕಿಂತ ಬಲವಾದ ಎಲೆ ಯಾವುದು? ಯಾದಗಿರಿಯ ಸ್ಟೇಷನ್ ಬಳಿ ಕೇಳಿದರೂ, ಶಹಾಪುರದ ಸಂತೆಯಲ್ಲಿ ಕೇಳಿದರೂ, ಸುರಪುರದ ಯಾವುದಾದರೂ ಕಟ್ಟೆಯ ಮೇಲೆ ಕೇಳಿದರೂ ‘ಎಕ್ಕ’ ಎಂಬ ಉತ್ತರವೇ ಬಂದೀತು. ಆದರೆ ‘ಇಪ್ಪತ್ತೆಂಟು’ ಆಡುವವರನ್ನು ಕೇಳಿ ನೋಡಿ. ಅಲ್ಲಿ ಗುಲಾಮನಿಗೆ ಮೂರು ಅಂಕ, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ರಾಜ ರಾಣಿಯರಿಗೆ ಸೊನ್ನೆ! ನಾಲ್ಕು ಬಣ್ಣಗಳ ಅಂಕ ಕೂಡಿದರೆ 28 ಆಗುತ್ತದೆ, ಆಟಕ್ಕೆ ಆ ಹೆಸರು ಬಂದದ್ದು ಹಾಗೆ. ರಾಜನ ಕಿರೀಟ ಚಿತ್ರದಲ್ಲಿ ಇದ್ದಂತೆಯೇ ಇರುತ್ತದೆ. ಅವನ ಬಲ ಮಾತ್ರ ಆಟ ಬದಲಾದೊಡನೆ ಹೋಗಿಬಿಡುತ್ತದೆ.

ಅಪರೂಪದ್ದೇ ಬಲವಾದದ್ದು ಎಂದು ವಾದಿಸುವವರಿದ್ದಾರೆ. ಮೂರೆಲೆಯ ಆಟದಲ್ಲಿ ಈ ಮಾತನ್ನು ಲೆಕ್ಕ ಹಾಕಿ ನೋಡಬಹುದು. 52 ಎಲೆಗಳಿಂದ ಮೂರು ಎಲೆಯ 22,100 ಕೈಗಳು ಸಾಧ್ಯ. ಅವುಗಳಲ್ಲಿ 16,440 ಯಾವ ವಿಶೇಷವೂ ಇಲ್ಲದವು. ಜೋಡಿ ಇರುವವು 3,744. ಒಂದೇ ಬಣ್ಣದವು 1,096, ಬಣ್ಣ ಬೇರೆಯಾದ ಸಾಲು 720. ಇಲ್ಲಿಯವರೆಗೆ ವಾದ ಸರಿ. ಸಂಖ್ಯೆ ಇಳಿದಂತೆ ದರ್ಜೆ ಏರುತ್ತದೆ. ತುದಿಗೆ ಬಂದಾಗ ಮಾತ್ರ ಲೆಕ್ಕ ತಪ್ಪುತ್ತದೆ. ಒಂದೇ ಬಣ್ಣದ ಸಾಲು 48 ಬಗೆ, ಒಂದೇ ಅಂಕೆಯ ಮೂರು ಎಲೆ 52 ಬಗೆ. ಸಾಲೇ ಹೆಚ್ಚು ಅಪರೂಪ. ಆದರೂ ಮೂರು ಎಕ್ಕ ಬಿದ್ದವನೇ ಗೆಲ್ಲುತ್ತಾನೆ, ಸಾಲಿನವನು ಸೋಲುತ್ತಾನೆ. ಹೀಗೇಕೆ ಎಂದು ಯಾರೂ ಕೇಳುವುದಿಲ್ಲ. ಕಟ್ಟಳೆ ಹಾಗಿದೆ, ಅಷ್ಟೆ.

ಇಸ್ಪೀಟಿಗಿಂತ ಮುಂಚೆ ನಮ್ಮಲ್ಲಿ ಹೆಸರಾಗಿದ್ದ ಗಂಜೀಫಾ ಆಟದಲ್ಲಿ ಈ ಬಲಾಬಲದ ವಿಚಾರ ಇನ್ನೂ ಸ್ವಾರಸ್ಯವಾಗಿದೆ. 1527ರಲ್ಲಿ ಬಾಬರ್ ಸಿಂಧ್ ಪ್ರಾಂತದ ಷಾ ಹಸನ್‌ಗೆ ಗಂಜೀಫಾ ಎಲೆಗಳನ್ನು ಕಳುಹಿಸಿಕೊಟ್ಟದ್ದು ಅವನ ಆತ್ಮಕಥೆಯಲ್ಲಿದೆ. ಅಕ್ಬರನ ಆಸ್ಥಾನದ ಹನ್ನೆರಡು ಬಣ್ಣಗಳ, 144 ಎಲೆಗಳ ಆಟವನ್ನು ಅಬುಲ್ ಫಜಲ್ ವರ್ಣಿಸಿದ್ದಾನೆ. ಮುಂದೆ ಹೆಚ್ಚು ಬಳಕೆಯಾದದ್ದು ಎಂಟು ಬಣ್ಣಗಳ, 96 ಎಲೆಗಳ ಕಟ್ಟು. ತಾಜ್, ಸಫೇದ್, ಶಂಶೇರ್, ಗುಲಾಂ, ಚಂಗ್, ಸುರ್ಖ್, ಬರಾತ್, ಕಿಮಾಶ್ — ಅಂದರೆ ಕಿರೀಟ, ಬೆಳ್ಳಿ ನಾಣ್ಯ, ಕತ್ತಿ, ಆಳು, ವಾದ್ಯ, ಚಿನ್ನದ ನಾಣ್ಯ, ಹಣ ಪಾವತಿಯ ಕಾಗದ, ಸರಕು. ನಿಜಾಮರ ಕಾಲದ ಉರ್ದು ಕಚೇರಿಯನ್ನು 1948ರವರೆಗೂ ಕಂಡ ಈ ಸೀಮೆಗೆ ಇವುಗಳಲ್ಲಿ ಹಲವು ಪರಕೀಯ ಪದಗಳಲ್ಲ. ಒಂದು ಅರಮನೆಯ ಖಾತೆಗಳನ್ನೇ ಎಲೆಗಳ ಮೇಲೆ ಇಳಿಸಿದಂತಿದೆ ಈ ಪಟ್ಟಿ.

ಪ್ರತಿ ಬಣ್ಣದಲ್ಲೂ ಮೇಲೆ ದೊರೆ, ಅವನ ಕೆಳಗೆ ವಜೀರ. ಅದರ ಕೆಳಗಿನ ಹತ್ತು ಅಂಕೆಯ ಎಲೆಗಳಲ್ಲಿದೆ ತೊಡಕು. ಮೊದಲ ನಾಲ್ಕು ಬಣ್ಣಗಳಲ್ಲಿ ವಜೀರನ ನಂತರ ಹತ್ತು, ಒಂಬತ್ತು, ಎಂಟು ಎಂದು ಇಳಿಯುತ್ತ ಒಂದು ಎಲ್ಲಕ್ಕಿಂತ ಕೆಳಗೆ. ಉಳಿದ ನಾಲ್ಕರಲ್ಲಿ ಇದು ತಲೆಕೆಳಗು: ಒಂದು ಮೇಲೆ, ಹತ್ತು ತಳದಲ್ಲಿ. ಕತ್ತಿಯ ಹತ್ತು ಕೈಯಲ್ಲಿದ್ದರೆ ಧೈರ್ಯ, ಚಿನ್ನದ ಹತ್ತು ಇದ್ದರೆ ಬರೀ ಭಾರ. ಇಷ್ಟು ಸಾಲದೆಂಬಂತೆ ಹೊತ್ತಿನ ನಿಯಮ ಬೇರೆ. ಹಗಲಾದರೆ ಚಿನ್ನದ ದೊರೆ ಇದ್ದವನು ಆಟ ಆರಂಭಿಸಬೇಕು, ರಾತ್ರಿಯಾದರೆ ಬೆಳ್ಳಿಯ ದೊರೆ ಇದ್ದವನು. ಸೂರ್ಯನಿಗೆ ಚಿನ್ನ, ಚಂದ್ರನಿಗೆ ಬೆಳ್ಳಿ. ದಶಾವತಾರ ಗಂಜೀಫಾದಲ್ಲಿ ಹತ್ತು ಬಣ್ಣ, 120 ಎಲೆ; ಅಲ್ಲಿಯೂ ಐದು ಬಣ್ಣಗಳ ಅಂಕೆಗಳು ಒಂದು ಕ್ರಮದಲ್ಲಿ, ಐದು ವಿರುದ್ಧ ಕ್ರಮದಲ್ಲಿ. ಹಗಲು ರಾಮನ ಮುಂದಾಳುತನ, ರಾತ್ರಿ ಕೃಷ್ಣನದು.

ಈ ಆಟದಲ್ಲಿ ತುರುಪು ಎಂಬುದಿಲ್ಲ. ಮೂವರು ಕುಳಿತರೆ ಒಬ್ಬೊಬ್ಬರಿಗೆ 32 ಎಲೆ. ದೊರೆ ಮತ್ತು ವಜೀರ ಆಡಿ ಮುಗಿದ ಮೇಲೆ ಆ ಬಣ್ಣದಲ್ಲಿ ಉಳಿದದ್ದರಲ್ಲಿ ದೊಡ್ಡದು ಯಾವುದೋ ಅದೇ ‘ಹುಕುಂ’. ನಿನ್ನೆ ಮೊನ್ನೆಯವರೆಗೆ ಯಾರೂ ಕೇಳದ ಆರು, ಮೇಲಿನವೆಲ್ಲ ಹೋದ ಮೇಲೆ ಅರಸಾಗುತ್ತದೆ. ಆದರೆ ಅದು ಅರಸಾಯಿತೆಂದು ತಿಳಿಯಬೇಕಾದರೆ ಎಂಟೂ ಬಣ್ಣಗಳಲ್ಲಿ ಯಾವ ಯಾವ ಎಲೆ ಹೋಯಿತು ಎಂಬುದು ತಲೆಯಲ್ಲಿರಬೇಕು. ಮರೆತವನ ಕೈಯಲ್ಲಿ ಹುಕುಂ ಇದ್ದೂ ಇಲ್ಲ.

ಕರ್ನಾಟಕದಲ್ಲಿ ಇದನ್ನು ತುತ್ತತುದಿಗೆ ಒಯ್ದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ‘ಚದ’ ಎಂಬ ಹೆಸರಿನ ಹದಿಮೂರು ಆಟಗಳ ವಿವರವಿದೆ. ಚಿಕ್ಕ ಕಟ್ಟಿಗೆ 36 ಎಲೆ, ದೊಡ್ಡದಕ್ಕೆ 360. ದೇವತೆಗಳು, ಗ್ರಹಗಳು, ಪಾಂಡವರು ಎಲ್ಲರೂ ಬಣ್ಣಗಳಾದರು. ತುರುಪಿನ ಎಲೆಗಳೂ ಸೇರಿದವು. ಬುದ್ಧಿಯ ವೈಭವವೇನೋ ಸರಿ, ಆದರೆ ಅರಮನೆಯ ಬಿಡುವು ಇಲ್ಲದವರು 360 ಎಲೆಗಳ ದರ್ಜೆ ನೆನಪಿಡುವುದು ಎಲ್ಲಿಂದ ಬಂತು? ಈ ಆಟಗಳು ಊರಿಗೆ ಇಳಿಯಲಿಲ್ಲ.

ಅದೇ ಕಾಲದಲ್ಲಿ ಸುರಪುರದ ನಾಯಕರ ಆಶ್ರಯದಲ್ಲಿ ಗರುಡಾದ್ರಿ ಮನೆತನದಂಥ ಚಿತ್ರಕಾರರು ಬಣ್ಣ ಬಂಗಾರದ ಕೆಲಸ ಮಾಡುತ್ತಿದ್ದರು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಬಂಡಾಯ ಮುರಿದು, ಅವರೂ ಅದೇ ವರ್ಷ ತೀರಿಕೊಂಡು, ಸಂಸ್ಥಾನ ನಿಜಾಮರಿಗೆ ಸೇರಿದಾಗ ಕುಂಚ ಹಿಡಿದವರ ಆಶ್ರಯವೂ ಹೋಯಿತು. ಆದರೂ ಸುರಪುರದ ಚಿತ್ರವನ್ನು ಈಗ ನೋಡಿದರೆ ಅದು ಪೂರ್ತಿಯಾಗಿಯೇ ಸಿಗುತ್ತದೆ. ನೋಡುವುದಕ್ಕೆಂದೇ ಬರೆದದ್ದು ಅದು. ಗಂಜೀಫಾ ಹಾಗಲ್ಲ. ಅದರ ಅರ್ಧ ಚಿತ್ರ, ಇನ್ನರ್ಧ ಕಟ್ಟಳೆ.

ಆ ಇನ್ನರ್ಧದ ಬೆಲೆ ನ್ಯಾಯಾಲಯಕ್ಕೆ ತಿಳಿದಿತ್ತು ಎನ್ನಬೇಕು. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಕೌಶಲದ ಆಟವೆಂದೂ, ಮೂರೆಲೆಯನ್ನು ಬರೀ ಅದೃಷ್ಟದ ಆಟವೆಂದೂ ಬೇರೆ ಮಾಡಿತು. ಕೊಟ್ಟ ಕಾರಣ, ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಜಾಣ್ಮೆ ಬೇಕು ಎಂಬುದು. ಗಂಜೀಫಾದ ಹುಕುಂ ಲೆಕ್ಕವೂ ಇದೇ ತಾನೇ? 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವಾಗ ಕೌಶಲ, ಅದೃಷ್ಟ ಎಂಬ ಭೇದವನ್ನು ಕೈಬಿಟ್ಟಿತು. ಮೊಬೈಲಿನಲ್ಲಿ ಮನೆ ಕಳೆದುಕೊಂಡವರ ಗೋಳು ನೋಡಿದವರು ಅದನ್ನು ತಪ್ಪೆನ್ನಲಾರರು.

ಮೈಸೂರಿನ ಗಂಜೀಫಾಕ್ಕೆ ಈಗ ಭೌಗೋಳಿಕ ಸೂಚಿಕೆ ಇದೆ. ಗಂಜೀಫಾ ರಘುಪತಿ ಭಟ್ಟರಂಥ ಕಲಾವಿದರು ಅದರ ಚಿತ್ರಕಲೆಯನ್ನು ಮತ್ತೆ ಎತ್ತಿ ನಿಲ್ಲಿಸಿದರು. ಕೊಳ್ಳುವವರು ದುಂಡನೆಯ ಎಲೆಗಳನ್ನು ಗಾಜಿನ ಚೌಕಟ್ಟಿಗೆ ಹಾಕಿ ಗೋಡೆಗೆ ತೂಗುಹಾಕುತ್ತಾರೆ. ಅಲ್ಲಿ ರಾಮನೂ ಕೃಷ್ಣನೂ ಒಟ್ಟಿಗೇ ಇರುತ್ತಾರೆ, ಹಗಲಲ್ಲೂ, ರಾತ್ರಿಯಲ್ಲೂ.