ಪೇಟೆಗೆ ಹಳ್ಳಿಯೇ ಬಂಡವಾಳ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘದ ಇಪ್ಪತ್ತೈದು ವರ್ಷದ ಲೆಕ್ಕವನ್ನು ಕಾರ್ಯದರ್ಶಿಗಳು ಓದಿದ್ದಾರೆ. ನಾವು ಭದ್ರಾ ಹೊಳೆ ಕಡೆಯ ಒಂದು ಪೇಟೆಯ ವಿಷಯ ಹೇಳುತ್ತೇವೆ.

ನರಸಿಂಹರಾಜಪುರಕ್ಕೆ ಮೊದಲು ಎಡೇಹಳ್ಳಿ ಅಂತ ಹೆಸರು. ಈಗಿನ ಹೆಸರು ಮೈಸೂರಿನ ಯುವರಾಜರದು. ನಮ್ಮ ತರೀಕೆರೆಯಿಂದ ಅಲ್ಲಿಗೆ ಎರಡಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲು ಓಡುತ್ತಿತ್ತು. ಸುತ್ತಿನ ಹಳ್ಳಿಗಳ ಭತ್ತ, ಅಡಿಕೆ ಪೇಟೆಗೆ ಬಂದರೆ ಅಂಗಡಿಯವನಿಗೆ ವ್ಯಾಪಾರ, ಗಾಡಿಯವನಿಗೆ ಬಾಡಿಗೆ, ರೈತನ ಮನೆಗೆ ಉಪ್ಪು, ಬಟ್ಟೆ.

1947ರಲ್ಲಿ ಲಕ್ಕವಳ್ಳಿಯಲ್ಲಿ ಅಣೆಕಟ್ಟೆ ಕೆಲಸ ಶುರುವಾಗಿ 1965ಕ್ಕೆ ಮುಗಿಯಿತು. 186 ಅಡಿ ನೀರು, 71.5 ಟಿಎಂಸಿ. ಹಿನ್ನೀರು ಏರಿದ ಹಾಗೆ ಕಣಿವೆಯ ಹಳ್ಳಿ, ಗದ್ದೆ, ತೋಟ, ಗುಡಿ ಎಲ್ಲ ಮುಳುಗಿದವು. ಜನ ಗಂಟುಮೂಟೆ ಕಟ್ಟಿ ಎದ್ದರು. ಪೇಟೆ ಇದ್ದ ಜಾಗದಲ್ಲೇ ಉಳಿಯಿತು. ಆದರೆ ಮಾಲು ತರುವ ಹಳ್ಳಿಯೇ ಹೋದ ಮೇಲೆ ಪೇಟೆ ಏನು ಮಾಡೀತು? ವ್ಯಾಪಾರ ಇಳಿಯಿತು. ಆ ಪುಟ್ಟ ರೈಲೂ ಇವತ್ತಿಲ್ಲ.

ಅದೇ ನೀರು ಬಲದಂಡೆ ನಾಲೆಯಲ್ಲಿ ತರೀಕೆರೆ, ಚನ್ನಗಿರಿ, ದಾವಣಗೆರೆ ಕಡೆಗೆ ಹರಿಯಿತು. ಎರಡೂ ದಂಡೆ ಸೇರಿ ಒಂದು ಲಕ್ಷ ಹೆಕ್ಟೇರಿಗೂ ಮೇಲೆ ಅಚ್ಚುಕಟ್ಟು. ನಾವು ಎರಡು ಬೆಳೆ ಕಂಡೆವು, ಮಕ್ಕಳನ್ನು ಓದಿಸಿದೆವು. ಈ ಸಂಘ ಕಟ್ಟುವ ಶಕ್ತಿ ಬಂದದ್ದೂ ಆ ನೀರಿನಿಂದಲೇ ಅಲ್ಲವೇ?

ಹಾಗೆ ಎದ್ದು ಬಂದವರಲ್ಲಿ ಕೆಲವರು ನಮ್ಮೂರಿನ ಅಂಚಿನಲ್ಲೇ ಕುರುಚಲು ಕಡಿದು ನೆಲ ಹಸನು ಮಾಡಿಕೊಂಡರು. ಈಗ ಮೂರನೇ ತಲೆಮಾರು ಮಳೆ ನಂಬಿ ಉಳುತ್ತಿದೆ. ಹಕ್ಕುಪತ್ರ ಇಲ್ಲ, ಅದಕ್ಕೆ ಪಹಣಿ ಇಲ್ಲ. ಪಹಣಿ ಇಲ್ಲದ್ದಕ್ಕೆ ಬೆಳೆಸಾಲ ಸಿಗಲ್ಲ. ಗೊಬ್ಬರಕ್ಕೆ ಕೈಸಾಲ ಮಾಡಿ, ಫಸಲು ಕೈಗೆ ಬರುವ ಮೊದಲೇ ಸಾಲ ಕೊಟ್ಟವನಿಗೆ ಒಪ್ಪಿಸುತ್ತಾರೆ.

ನಿಯಮ ಮೀರಿ ಸಾಲ ಕೊಡಿ ಅಂತ ನಾವು ಕೇಳಲ್ಲ. ಷೇರು ಕಟ್ಟಿಸಿಕೊಂಡು ಅವರನ್ನು ಸದಸ್ಯರನ್ನಾಗಿ ಮಾಡಿಕೊಳ್ಳೋಣ. ಗುಂಪು ಜಾಮೀನಿನ ಮೇಲೆ ಬೀಜ, ಗೊಬ್ಬರ ಕೊಡೋಣ. ಹಕ್ಕುಪತ್ರದ ಅರ್ಜಿ ಹಿಡಿದು ಅವರು ತಾಲ್ಲೂಕು ಕಚೇರಿಗೆ ಹೋಗುವಾಗ ಸಂಘದವರೂ ಜೊತೆಗೆ ಹೋಗೋಣ.

"ಅವರು ಹೊರಗಿನಿಂದ ಬಂದವರು" ಅನ್ನುವವರೂ ಇದ್ದಾರೆ. ಅವರು ಬಂದದ್ದು ನಮ್ಮ ಗದ್ದೆಗೆ ನೀರು ಬರಲಿ ಅಂತ. ಅದನ್ನು ಮರೆತರೆ ಎಡೇಹಳ್ಳಿ ಪೇಟೆಗೆ ಆದದ್ದು ನಮ್ಮ ಸಂಘಕ್ಕೂ ಆದೀತು. ಕಟ್ಟಡ ಇರುತ್ತೆ, ಬಾಗಿಲಿಗೆ ಬರುವ ಜನ ಇರಲ್ಲ.

ಮುಂದಿನ ಸರ್ವಸದಸ್ಯರ ಸಭೆಗೆ ಈ ಠರಾವು ತರುತ್ತೇವೆ. ತಾವೆಲ್ಲ ಕೈ ಎತ್ತಿ ಒಪ್ಪಿಗೆ ಕೊಡಬೇಕೆಂದು ಪ್ರಾರ್ಥಿಸಿ, ನಮ್ಮ ಮಾತು ಮುಗಿಸುತ್ತೇವೆ.